ಯಂತ್ರದ ಮುಂದೆ ಮೇಷ್ಟ್ರು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ತಾವೇ ಶಿಕ್ಷಕರಾಗಿದ್ದಾರೆ. ಕೆಲವರು ಮುಖ್ಯೋಪಾಧ್ಯಾಯರೂ ಇನ್ನು ಕೆಲವರು ತರಬೇತಿಗಳಲ್ಲಿ ಸಂಪನ್ಮೂಲ ವ್ಯಕ್ತಿಗಳೂ ಆಗಿದ್ದಾರೆ. ಅವರೊಡನೆ ಮಾತನಾಡುವಾಗ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ಮೇಡಂ, ನಮ್ಮ ಶಾಲೆಗೆ ಕಂಪ್ಯೂಟರು, ಪ್ರೊಜೆಕ್ಟರು, ಸ್ಮಾರ್ಟ್ ಬೋರ್ಡು ಎಲ್ಲವೂ ಬಂದಿವೆ. ಹಿರಿಯ ಶಿಕ್ಷಕರು ಮಾತ್ರ ಅವನ್ನು ಮುಟ್ಟುವುದೇ ಇಲ್ಲ. ಏನು ಮಾಡುವುದು?" 1986ರಿಂದ 2021ರವರೆಗೆ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿದ ನನಗೆ ಈ ವಿಷಯದಲ್ಲಿ ಒಂದಿಷ್ಟು ಅನುಭವವಿದೆ. ಅದನ್ನು ಒಮ್ಮೆ ಬರೆದಿಟ್ಟರೆ ಎಲ್ಲರಿಗೂ ಒಟ್ಟಿಗೆ ಉತ್ತರಿಸಿದಂತಾಗುತ್ತದೆ ಎಂದುಕೊಂಡು ಈ ಲೇಖನಕ್ಕೆ ಕೈ ಹಚ್ಚಿದ್ದೇನೆ.

ಮೊದಲಿಗೇ ಒಂದು ಮಾತು. ಮುಟ್ಟದವರೆಲ್ಲರೂ ಸೋಮಾರಿಗಳೆಂದು ದಯವಿಟ್ಟು ತಿಳಿಯಬೇಡಿ. ಅವರಿಗಿರುವುದು ಯಂತ್ರದ ಭಯವೂ ಅಲ್ಲ. ಮನೆಯಲ್ಲಿ ಮೊಮ್ಮಕ್ಕಳೊಡನೆ ವೀಡಿಯೊ ಕರೆಯಲ್ಲಿ ಹರಟುವ ಶಿಕ್ಷಕರೇ ತರಗತಿಯಲ್ಲಿ ಕಂಪ್ಯೂಟರಿನ ಮುಂದೆ ಬೆವರುತ್ತಾರೆ. ಏಕೆಂದರೆ ಅಲ್ಲಿ ಐವತ್ತು ಜೊತೆ ಕಣ್ಣುಗಳು ನೋಡುತ್ತಿರುತ್ತವೆ. ನಗುವವರ ಮುಂದೆ ಎಡವಿ ಬಿದ್ದಂತಾಗಬಾರದು ಎಂಬ ಅಳುಕು ಅದು. ಇಪ್ಪತ್ತೈದು ವರ್ಷ ಪರಿಶ್ರಮದಿಂದ ಗಳಿಸಿದ ಗೌರವ ಒಂದು ಗುಂಡಿಯನ್ನು ತಪ್ಪಾಗಿ ಒತ್ತಿದ ಕ್ಷಣದಲ್ಲಿ ಕಳೆದುಹೋದೀತೆಂಬ ಆತಂಕ. ಇದನ್ನು ಅರಿಯದೆ ನಡೆಸುವ ಯಾವ ತರಬೇತಿಯೂ ಫಲ ಕೊಡದು.

ನಮ್ಮ ತಲೆಮಾರಿನ ಬಿ.ಇಡಿ. ಪಠ್ಯದಲ್ಲಿ 'ದೃಕ್-ಶ್ರವಣ ಸಾಧನಗಳು' ಎಂಬ ಅಧ್ಯಾಯವಿತ್ತು. ಚಾರ್ಟು, ಭೂಪಟ, ಮಾದರಿ, ಫ್ಲಾನೆಲ್ ಬೋರ್ಡು, ರೇಡಿಯೊ ಎಲ್ಲದರ ಉಪಯೋಗವನ್ನೂ ಓದಿದ್ದೆವು. ಪಾಠಯೋಜನೆ ಬರೆದು ಒಯ್ದರೆ ನಮ್ಮ ಅಧ್ಯಾಪಕರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಈ ಸಾಧನವಿಲ್ಲದೆ ಈ ಅಂಶವನ್ನು ಕಲಿಸಲಾಗದೇ? ಕಲಿಸಬಹುದಾದರೆ ಅದನ್ನೇಕೆ ಹೊತ್ತು ತಂದಿರಿ? ಈ ಪ್ರಶ್ನೆ ಫ್ಲಾನೆಲ್ ಬೋರ್ಡಿಗೆ ಎಷ್ಟು ಸಲ್ಲುತ್ತಿತ್ತೋ ಇಂದಿನ ಸ್ಮಾರ್ಟ್ ಬೋರ್ಡಿಗೂ ಅಷ್ಟೇ ಸಲ್ಲುತ್ತದೆ.

ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರುಗಳು ಬಂದ ಮೊದಲ ವರ್ಷಗಳಲ್ಲಿ ಆ ಪ್ರಶ್ನೆಯನ್ನು ಕೇಳಲು ಶಿಕ್ಷಕರಿಗೆ ಅವಕಾಶವೇ ಇರಲಿಲ್ಲ. ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕೊಠಡಿಗೆ ಎರಡು ಬೀಗ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಹೊರಗಿನ ಸಂಸ್ಥೆಯೊಂದು ಗುತ್ತಿಗೆಯ ಮೇಲೆ ನೇಮಿಸಿದ ತರುಣನೊಬ್ಬ ಬಂದು ಮಕ್ಕಳಿಗೆ ಕಂಪ್ಯೂಟರಿನ ಭಾಗಗಳ ಹೆಸರು ಹೇಳಿಸುತ್ತಿದ್ದ. ಅವನು ಪಾಠ ಮಾಡುವಾಗ ನಾವು ಸಿಬ್ಬಂದಿ ಕೊಠಡಿಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆವು. ಗಣಿತಕ್ಕೂ ಆ ಕೊಠಡಿಗೂ, ಕನ್ನಡಕ್ಕೂ ಆ ಕೊಠಡಿಗೂ ಯಾವ ಸಂಬಂಧವೂ ಇರಲಿಲ್ಲ. ಗುತ್ತಿಗೆ ಮುಗಿಯಿತು, ತರುಣ ಹೋದ. ಯುಪಿಎಸ್ ಬ್ಯಾಟರಿಗಳು ಕೆಟ್ಟವು. ಬೀಗಗಳು ಮಾತ್ರ ಉಳಿದವು.

ಅನಂತರ ತರಬೇತಿಗಳು ಬಂದವು. 2012ರ ಸುಮಾರಿಗೆ ನಡೆದ ಒಂದು ತರಬೇತಿಗೆ ನಮ್ಮ ಶಾಲೆಯಿಂದ ಕನ್ನಡ ಪಂಡಿತರೂ ನಾನೂ ಹೋಗಿದ್ದೆವು. ಪಂಡಿತರ ವಯಸ್ಸು ಆಗ ಐವತ್ತೆರಡು. ಹಳಗನ್ನಡ ಕಾವ್ಯವನ್ನು ಪುಸ್ತಕ ನೋಡದೆ ಪಾಠ ಹೇಳುವ ವಿದ್ವತ್ತು ಅವರದು. ಅವರ ತರಗತಿಯಲ್ಲಿ ಗಲಾಟೆಯೆಂಬುದನ್ನು ನಾನು ಕೇಳಿಯೇ ಇಲ್ಲ. ತರಬೇತಿಯಲ್ಲಿ ಅವರ ಕೈಯಲ್ಲಿದ್ದ ಮೌಸ್ ಹೇಳಿದ ಮಾತು ಕೇಳಲಿಲ್ಲ. ತರಬೇತುದಾರ ಹಿಂದಿನಿಂದ ಬಂದು, ಅವರ ಕೈಯ ಮೇಲೆ ಕೈಯಿಟ್ಟು ಮೌಸನ್ನು ತಾನೇ ಓಡಿಸುತ್ತ, "ಇಷ್ಟೂ ಬರಲ್ವಾ ಸರ್? ನಮ್ಮನೆ ಮಗು ಮಾಡುತ್ತೆ" ಎಂದ. ಸುತ್ತಲಿದ್ದವರು ನಕ್ಕರು. ಪಂಡಿತರೂ ನಕ್ಕಂತೆ ಮಾಡಿದರು.

ಮರಳಿ ಬರುವಾಗ ಬಸ್ಸಿನಲ್ಲಿ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಮೇಡಂ, ಸ್ವಯಂ ನಿವೃತ್ತಿಗೆ ಎಷ್ಟು ವರ್ಷ ಸೇವೆ ಆಗಿರಬೇಕು?" ಎಂದು ಕೇಳಿದರು. ತಮಾಷೆಯೆಂದುಕೊಂಡೆ. ಮುಂದಿನ ವಾರ ಅವರು ಬರೆದಿಟ್ಟಿದ್ದ ಅರ್ಜಿಯನ್ನು ಮುಖ್ಯೋಪಾಧ್ಯಾಯರು ನನಗೆ ತೋರಿಸಿದಾಗ ಅದು ತಮಾಷೆಯಲ್ಲವೆಂದು ತಿಳಿಯಿತು. ಶಾಲೆಯ ಅತ್ಯುತ್ತಮ ಶಿಕ್ಷಕರೊಬ್ಬರು ಒಂದು ಮೌಸಿನ ಕಾರಣಕ್ಕೆ ಮನೆಗೆ ಹೊರಟಿದ್ದರು. ಅರ್ಜಿಯನ್ನು ಒಂದು ತಿಂಗಳು ತಡೆಹಿಡಿಯಬೇಕೆಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡೆ. ಅವರು ಒಪ್ಪಿದರು.

ಆ ತಿಂಗಳಲ್ಲಿ ಆರಂಭವಾದದ್ದೇ ನಮ್ಮ ಶನಿವಾರದ ಕೂಟ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಶಿಕ್ಷಕರು ಮಾತ್ರ. ಮೂರು ನಿಯಮಗಳಿದ್ದವು. ಒಂದು, ಒಬ್ಬರ ಕೈಯಲ್ಲಿರುವ ಮೌಸನ್ನು ಇನ್ನೊಬ್ಬರು ಮುಟ್ಟಕೂಡದು. ಬಾಯಲ್ಲಿ ಹೇಳಬೇಕು, ಕಾಯಬೇಕು. ಎರಡು, ಒಂದು ದಿನಕ್ಕೆ ಒಂದೇ ಕಲಿಕೆ. ಮೂರು, ಕಲಿತದ್ದು ಸೋಮವಾರದ ಪಾಠಕ್ಕೆ ಬೇಕಾಗುವಂಥದ್ದಾಗಿರಬೇಕು. ಕಂಪ್ಯೂಟರಿನ ಚರಿತ್ರೆ, ಅದರ ಅಂಗಾಂಗಗಳ ವಿವರಣೆ ಯಾವುದನ್ನೂ ನಾವು ಮುಟ್ಟಲಿಲ್ಲ. ಅಡುಗೆ ಕಲಿಯುವವರಿಗೆ ಮೊದಲು ಒಲೆಯ ಚರಿತ್ರೆ ಹೇಳುವವರುಂಟೆ?

ಪಂಡಿತರು ಮೊದಲ ಎರಡು ವಾರ ಬಾಗಿಲ ಬಳಿಯ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದರು. ಮೂರನೆಯ ವಾರ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ತಂತ್ರಾಂಶವನ್ನು ತೆರೆದು, "ಪಂಡಿತರೇ, ಇದರಲ್ಲಿ ಒತ್ತಕ್ಷರ ಹೇಗೆ ಬರುತ್ತದೆ ನೋಡಿ ಹೇಳುತ್ತೀರಾ?" ಎಂದು ಕೇಳಿದೆ. ಈ ಕೀಲಿಮಣೆಯ ವಿನ್ಯಾಸಕ್ಕೆ ಮೂಲ ಕೆ.ಪಿ. ರಾಯರದು. ಇಂಗ್ಲಿಷಿನ 'ಕೆ' ಕೀಲಿ ಒತ್ತಿದರೆ 'ಕ' ಮೂಡುತ್ತದೆ. ಶಿಫ್ಟ್ ಹಿಡಿದು ಅದನ್ನೇ ಒತ್ತಿದರೆ 'ಖ'. ಹಾಗೆಯೇ ಗ-ಘ, ತ-ಥ, ಪ-ಫ. 'ಎಫ್' ಕೀಲಿ ಒತ್ತಿದರೆ ಹಿಂದಿನ ವ್ಯಂಜನ ಸ್ವರ ಕಳೆದುಕೊಂಡು ಮುಂದಿನ ವ್ಯಂಜನದೊಡನೆ ಕೂಡುತ್ತದೆ.

ಪಂಡಿತರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದೊಂದೇ ಬೆರಳಿನಿಂದ ಒತ್ತಿ ನೋಡಿದರು. "ಮೇಡಂ, ಇದು ಅಲ್ಪಪ್ರಾಣ, ಮಹಾಪ್ರಾಣ! ಒಂದೇ ಸ್ಥಾನದಲ್ಲಿ ಹುಟ್ಟುವ ಅಕ್ಷರಗಳನ್ನು ಒಂದೇ ಕೀಲಿಯಲ್ಲಿ ಕೂರಿಸಿದ್ದಾರೆ. ಈ ಎಫ್ ಇದೆಯಲ್ಲ, ಇದು ನಮ್ಮ ಅರ್ಧಾಕ್ಷರದ ಕೊಂಬು. ಇದನ್ನು ಮಾಡಿದವರು ವ್ಯಾಕರಣ ಬಲ್ಲವರು" ಎಂದರು. ಅವರ ದನಿಯಲ್ಲಿ ತರಗತಿಯ ಗತ್ತು ಮರಳಿತ್ತು. ಅಂದು ಉಳಿದ ನಮಗೆಲ್ಲ ಸಂಯುಕ್ತಾಕ್ಷರದ ಪಾಠವಾಯಿತು. ಪಾಠ ಮಾಡಿದವರು ಪಂಡಿತರು, ಕರಿಹಲಗೆಯಾದದ್ದು ಕಂಪ್ಯೂಟರು. ಮುಂದಿನ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಅವರೇ ಬೆರಳಚ್ಚು ಮಾಡಿ ತಂದರು. ಅರ್ಜಿಯ ಸುದ್ದಿಯನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ನನ್ನ ಗಣಿತದಲ್ಲಿ ಸಹಾಯಕ್ಕೆ ಬಂದದ್ದು ಜಿಯೋಜಿಬ್ರಾ. ಆಸ್ಟ್ರಿಯದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿದ್ದಾಗ ಆರಂಭಿಸಿದ ತಂತ್ರಾಂಶವಿದು; ಶಾಲೆಗಳಿಗೆ ಉಚಿತ. ಕರಿಹಲಗೆಯ ಮೇಲೆ ಬರೆದ ತ್ರಿಭುಜ ಅಲ್ಲೇ ನಿಂತಿರುತ್ತದೆ. ಇಲ್ಲಿ ಶೃಂಗವನ್ನು ಹಿಡಿದು ಎಳೆದರೆ ತ್ರಿಭುಜ ಹಿಗ್ಗುತ್ತದೆ, ಕುಗ್ಗುತ್ತದೆ, ಕೋನಗಳ ಅಳತೆಗಳು ಬದಲಾಗುತ್ತವೆ, ಮೊತ್ತ ಮಾತ್ರ ಕದಲುವುದಿಲ್ಲ. 'ಯಾವುದೇ ತ್ರಿಭುಜದಲ್ಲಿ' ಎಂಬ ಮಾತಿನ ಅರ್ಥ ಮಕ್ಕಳಿಗೆ ಕಣ್ಣಾರೆ ಕಾಣುತ್ತದೆ. ಸಾಧನವಿಲ್ಲದೆ ಕಲಿಸಲಾಗದೇ ಎಂಬ ಹಳೆಯ ಪ್ರಶ್ನೆಗೆ ಇಲ್ಲಿ ನನಗೆ ಉತ್ತರ ದೊರೆಯಿತು: ಚಲನೆಯನ್ನು ಸೀಮೆಸುಣ್ಣ ತೋರಿಸಲಾರದು.

ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಕೂಡಿದರೆ 180 ಬರುತ್ತಿಲ್ಲ." ಪರದೆಯ ಮೇಲೆ 58.34, 71.22, 50.43 ಎಂದಿತ್ತು. ಕೂಡಿದೆವು: 179.99. ತರಗತಿಯಲ್ಲಿ ಗುಜುಗುಜು. ಕಂಪ್ಯೂಟರ್ ತಪ್ಪೇ, ಪ್ರಮೇಯ ತಪ್ಪೇ? ಒಂದಿಡೀ ಅವಧಿ ಅದಕ್ಕೇ ಮೀಸಲಾಯಿತು. ಯಂತ್ರ ಎರಡು ದಶಮಾಂಶ ಸ್ಥಾನಗಳಷ್ಟನ್ನೇ ತೋರಿಸುತ್ತಿತ್ತು. ಮೂರನೆಯ ಸ್ಥಾನ ತೆರೆದಾಗ 58.344, 71.224, 50.432, ಕೂಡಿದರೆ ಸರಿಯಾಗಿ 180. "ಹಾಗಾದರೆ ನಾಲ್ಕನೆಯ ಸ್ಥಾನದಲ್ಲಿ ಏನಿದೆ ಮಿಸ್?" ಎಂದಳು ಅದೇ ಹುಡುಗಿ. ಇಂಥ ಪ್ರಶ್ನೆಗಾಗಿಯೇ ಶಿಕ್ಷಕರು ವರ್ಷಗಟ್ಟಲೆ ಕಾಯುತ್ತಾರೆ. ನಾನು ಪ್ರೊಜೆಕ್ಟರ್ ಆರಿಸಿ, ಸೀಮೆಸುಣ್ಣ ಹಿಡಿದು, ಶೃಂಗದ ಮೂಲಕ ಪಾದಕ್ಕೆ ಸಮಾಂತರ ರೇಖೆ ಎಳೆದೆ. ಪರ್ಯಾಯ ಕೋನಗಳು ಸಮ. ಮೂರೂ ಸೇರಿ ಸರಳ ಕೋನ. ಎಷ್ಟು ಸ್ಥಾನ ತೆರೆದರೂ ಅಳತೆ ಅಳತೆಯೇ, ಸಾಧನೆಯೇ ಬೇರೆ ಎಂಬುದು ಅಂದು ಅವರಿಗೆ ಮನದಟ್ಟಾಯಿತು. ಪರದೆ ಪ್ರಶ್ನೆ ಎತ್ತಿತು, ಕರಿಹಲಗೆ ಉತ್ತರ ಕೊಟ್ಟಿತು. ಎರಡಕ್ಕೂ ಅದರದರ ಸ್ಥಾನವುಂಟು.

ಶಿಕ್ಷಕರ ಅಳುಕು ಹೋಗುವುದೂ ಇಂಥ ಗಳಿಗೆಗಳಲ್ಲೇ. ಯಾವ ಗುಂಡಿ ಎಲ್ಲಿದೆಯೆಂಬುದನ್ನು ಮಕ್ಕಳು ನಮಗಿಂತ ಬೇಗ ಹೇಳಬಲ್ಲರು, ಹೇಳಲಿ. ನಮ್ಮ ಶಾಲೆಯಲ್ಲಿ ತಂತಿ ಜೋಡಿಸುವುದು, ಪರದೆ ಹೊಂದಿಸುವುದು ಮಕ್ಕಳ ಸರದಿಯ ಕೆಲಸವಾಗಿತ್ತು. ಆದರೆ ಬಂದ ಪ್ರಶ್ನೆಯ ಬೆಲೆ ಎಷ್ಟೆಂದು ತಿಳಿಯುವುದಕ್ಕೆ ಶಿಕ್ಷಕರೇ ಬೇಕು. "ಇದು ನನಗೆ ಗೊತ್ತಿಲ್ಲಪ್ಪ, ನೀನೇ ತೋರಿಸು" ಎಂದು ಪಂಡಿತರು ನಗುತ್ತ ಹೇಳಿದ ದಿನ ಅವರ ಗೌರವ ಹೆಚ್ಚಿತೇ ಹೊರತು ಕುಂದಲಿಲ್ಲ.

2020ರ ಮಾರ್ಚಿಯಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದವು. ಪಂಡಿತರ ಸೇವೆ ಮುಗಿಯಲು ಕೆಲವೇ ತಿಂಗಳುಗಳಿದ್ದವು. ಅವರು ಮನೆಯ ಜಗಲಿಯಲ್ಲಿ ಕುಳಿತು ಹತ್ತನೆಯ ತರಗತಿಯ ಪದ್ಯಗಳ ಪಾಠವನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಮಕ್ಕಳಿಗೆ ಕಳುಹಿಸತೊಡಗಿದರು. ವೀಡಿಯೊ ಬೇಡವೆಂದದ್ದು ಅವರ ನಿರ್ಧಾರವೇ. "ಕೂಲಿಯವರ ಮನೆಯ ಮಕ್ಕಳು ಡೇಟಾ ಎಲ್ಲಿಂದ ತರುತ್ತಾರೆ? ಪದ್ಯಕ್ಕೆ ಕಿವಿ ಸಾಕು" ಎಂದರು. ಫೋನೇ ಇಲ್ಲದ ಮನೆಗಳೂ ಇದ್ದವು. ಆ ವರ್ಷ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಆಗಸ್ಟಿನಲ್ಲಿ 'ವಿದ್ಯಾಗಮ' ಆರಂಭವಾದಾಗ ಪಂಡಿತರು ಮುಖಗವಸು ಧರಿಸಿ, ಊರ ದೇವಸ್ಥಾನದ ಜಗಲಿಯಲ್ಲಿ ಏಳೆಂಟು ಮಕ್ಕಳನ್ನು ದೂರ ದೂರ ಕೂರಿಸಿಕೊಂಡು ಅದೇ ಪದ್ಯಗಳನ್ನು ಪಾಠ ಹೇಳಿದರು. ಎಲ್ಲಿ ಯಂತ್ರ ಬೇಕು, ಎಲ್ಲಿ ತಾವೇ ನಡೆದು ಹೋಗಬೇಕು ಎಂಬ ವಿವೇಚನೆ ಅವರಿಗೆ ಸಿದ್ಧಿಸಿತ್ತು. ಎಂಟು ವರ್ಷಗಳ ಹಿಂದಿನ ಆ ಅರ್ಜಿ ಮುಂದೆ ಹೋಗಿದ್ದರೆ ಆ ಮಕ್ಕಳಿಗೆ ಅವರ ದನಿ ದೊರೆಯುತ್ತಿರಲಿಲ್ಲ.

ಈಗ ಪಠ್ಯಪುಸ್ತಕಗಳಲ್ಲಿಯೇ ಕ್ಯೂಆರ್ ಕೋಡ್‌ಗಳಿವೆ. 2017ರಲ್ಲಿ ಆರಂಭವಾದ ದೀಕ್ಷಾ ತಾಣದ ಪಾಠಗಳು ಅವುಗಳ ಮೂಲಕ ತೆರೆದುಕೊಳ್ಳುತ್ತವೆ. ಕೃತಕ ಬುದ್ಧಿಮತ್ತೆಯ ಮಾತು ಸಿಬ್ಬಂದಿ ಕೊಠಡಿಗಳಿಗೂ ಬಂದಿದೆ. ಸಾಧನಗಳು ಬದಲಾಗುತ್ತಲೇ ಇರುತ್ತವೆ, ಶಿಕ್ಷಕರ ಮನಸ್ಸು ಅದೇ. ಆದ್ದರಿಂದ ತರಬೇತಿ ಕೊಡುವ ನನ್ನ ಮಕ್ಕಳಿಗೆ ಹೇಳುವುದಿಷ್ಟು. ನಿಮ್ಮ ಎದುರು ಕುಳಿತ ಹಿರಿಯರು ಏನನ್ನು ಬಲ್ಲರೆಂಬುದನ್ನು ಮೊದಲು ತಿಳಿಯಿರಿ, ಬಾರದ್ದನ್ನು ಆಮೇಲೆ ಎಣಿಸಿದರಾಯಿತು. ಅವರು ಬಲ್ಲ ವಿಷಯದ ಬಾಗಿಲಿನಿಂದಲೇ ಯಂತ್ರವನ್ನು ಒಳಗೆ ತನ್ನಿ. ಅವರ ಭಾಷೆಯಲ್ಲಿ ಹೇಳಿ, ಒಮ್ಮೆಗೆ ಒಂದನ್ನೇ ಹೇಳಿ. ಮಕ್ಕಳ ಕಣ್ಣಿಗೆ ಬೀಳದಂತೆ ನಾಲ್ಕು ಸಲ ಎಡವಲು ಅವರಿಗೊಂದು ಕೊಠಡಿ ಕೊಡಿ, ಆ ಕೊಠಡಿಯ ಬೀಗದ ಕೈಯನ್ನೂ ಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, ಅವರ ಕೈಯ ಮೇಲೆ ನಿಮ್ಮ ಕೈಯಿಡಬೇಡಿ. ಅದೇ ಕೈ ನಿಮಗೆ ಅಕ್ಷರ ತಿದ್ದಿಸಿದ್ದು.