ಸಹಿ ತಾಳೆಯಾಗುವುದಿಲ್ಲ

ಮುಂಬಯಿಯ ಬ್ಯಾಂಕೊಂದರಲ್ಲಿ ಮೂವತ್ತೈದು ವರ್ಷ ದುಡಿದವನು ನಾನು. ‘ಸಹಿ ತಾಳೆಯಾಗುವುದಿಲ್ಲ’ ಎಂಬ ಚೀಟಿ ಹಚ್ಚಿ ಎಷ್ಟು ಚೆಕ್ಕುಗಳನ್ನು ವಾಪಸು ಕಳಿಸಿದ್ದೇನೋ ಲೆಕ್ಕವಿಲ್ಲ. ಎರಡು ವರ್ಷದ ಹಿಂದೆ ನನ್ನದೇ ಚೆಕ್ಕು ಅದೇ ಕಾರಣಕ್ಕೆ ತಿರುಗಿ ಬಂತು. ಕೌಂಟರಿನ ಹುಡುಗಿ ಬಹಳ ಮರ್ಯಾದೆಯಿಂದ, “ಅಂಕಲ್, ಹೆಬ್ಬೆಟ್ಟು ಒತ್ತಿಬಿಡಿ, ಇಬ್ಬರು ಸಾಕ್ಷಿ ಬೇಕು” ಎಂದು ಹಿಂದಿಯಲ್ಲಿ ಹೇಳಿದಳು. ಸಹಿ ಮಾಡಲಾಗದ ವೃದ್ಧರಿಗೂ ರೋಗಿಗಳಿಗೂ ರಿಸರ್ವ್ ಬ್ಯಾಂಕು ಕೊಟ್ಟಿರುವ ಸವಲತ್ತು ಅದು; ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು. ಎಷ್ಟೋ ಮಂದಿಗೆ ನಾನೇ ಅದನ್ನು ತಿಳಿಸಿ ಹೇಳಿದ್ದೆ. ಆದರೂ ಎಂ.ಕಾಂ. ಮಾಡಿದವನು ಹೆಬ್ಬೆಟ್ಟಾಗುವುದೆಂದರೆ!

ಕೈ ನಡುಕ. ಸುಮ್ಮನಿದ್ದಾಗ ಅಷ್ಟಿಲ್ಲ, ಪೆನ್ನು ಹಿಡಿದರೆ ಶುರು. ಪಾರ್ಕಿನ್ಸನ್ ಅಲ್ಲ, ಹೆದರಬೇಡಿ ಎಂದರು ಡಾಕ್ಟರು. ಹೆದರಲಿಲ್ಲ ನಿಜ, ಆದರೆ ಗದಗಿನಲ್ಲಿರುವ ನನ್ನ ಅಕ್ಕನಿಗೆ ಪತ್ರ ಬರೆಯುವುದು ನಿಂತೇಹೋಯಿತು.

ಈ ಕಾಲದಲ್ಲಿ ಪತ್ರ ಯಾಕೆ, ಫೋನಿಲ್ಲವೇ ಎಂದು ನೀವು ಕೇಳಬಹುದು. ಅಕ್ಕನಿಗೆ ಕಿವಿ ಕೇಳಿಸುವುದಿಲ್ಲ. ಕಿವಿಗೆ ಹಾಕುವ ಮಷೀನು ತಂದುಕೊಟ್ಟರೆ “ಗುಂಯ್ ಅಂತೈತಿ” ಎಂದು ಡಬ್ಬಿಯಲ್ಲಿಟ್ಟಳು. 1981ರಲ್ಲಿ ಧಾರವಾಡದಲ್ಲಿ ಓದು ಮುಗಿಸಿ ಇಲ್ಲಿಗೆ ಬಂದಾಗಿನಿಂದ ನಾನು ತಿಂಗಳಿಗೊಂದು ನೀಲಿ ಇನ್‌ಲ್ಯಾಂಡ್ ಪತ್ರ ಹಾಕುತ್ತಿದ್ದೆ. ಅವಳು ಅವನ್ನೆಲ್ಲ ಟ್ರಂಕಿನಲ್ಲಿಟ್ಟಿದ್ದಾಳೆ. ಈಗ ನನ್ನ ಮಾತು ಅವಳಿಗೆ ಮುಟ್ಟುವುದಿಲ್ಲ, ನನ್ನ ಕೈ ಅಕ್ಷರ ಮೂಡಿಸುವುದಿಲ್ಲ.

ಮೊಮ್ಮಗಳು ದಾರಿ ತೋರಿಸಿದಳು. ಮೊಬೈಲಿನ ಕೀಲಿಮಣೆಯಲ್ಲಿ ಭಾಷೆಯನ್ನು ಕನ್ನಡಕ್ಕೆ ಇಟ್ಟು ಮೈಕಿನ ಚಿತ್ರ ಒತ್ತಿದರೆ ನಾವಾಡಿದ್ದು ಅಕ್ಷರವಾಗುತ್ತದೆ. 2017ರ ಆಗಸ್ಟಿನಲ್ಲಿ ಗೂಗಲ್‌ನವರು ಮರಾಠಿ, ತಮಿಳು, ತೆಲುಗುಗಳ ಜೊತೆಗೆ ಕನ್ನಡಕ್ಕೂ ಈ ಸೌಲಭ್ಯ ಕೊಟ್ಟಿದ್ದರಂತೆ. ಇಷ್ಟು ವರ್ಷ ಅದು ನನ್ನ ಕಿಸೆಯಲ್ಲೇ ಇತ್ತು!

ಸಂಭ್ರಮದಿಂದ ಮೈಕು ಒತ್ತಿ, “ಅಕ್ಕಾ, ಹೆಂಗದೀ? ಮಳಿ ಆತೇನು?” ಎಂದೆ. ಪರದೆಯ ಮೇಲೆ ಮೂಡಿತು: ‘ಅಕ್ಕ ಅಂಗಡಿ ಮಳಿಗೆ ಹತ್ತು’. ಸಾಲದ ಅರ್ಜಿಯಲ್ಲಿ ಬರೆಯುವ ವಿಳಾಸದ ಹಾಗಿತ್ತು. ಎರಡನೇ ಸಲ ಇನ್ನೂ ಜೋರಾಗಿ ಕೂಗಿದೆ. ಪಕ್ಕದ ಫ್ಲ್ಯಾಟಿನ ಮರಾಠಿ ಕಾಕು ಬಂದು “ಕಾಯ್ ಝಾಲಂ?” ಎಂದು ವಿಚಾರಿಸಿದರು, ಅಷ್ಟೆ.

ತಪ್ಪು ಯಂತ್ರದ್ದು ಮಾತ್ರವಲ್ಲ. ಬಹಳ ಜನರ ಮಾತನ್ನು ಕೇಳಿಸಿ ಅದಕ್ಕೆ ಕಲಿಸಿರುತ್ತಾರೆ. ಕೇಳಿದ ಸದ್ದಿಗೆ ಯಾವ ಪದ ಹೊಂದೀತು, ಅದರ ಹಿಂದೆ ಯಾವುದು ಬಂದೀತು ಎಂದು ಅದು ಅಂದಾಜು ಮಾಡುತ್ತದೆ. ಹೆಚ್ಚು ಕೇಳಿದ ಕನ್ನಡ ಅದಕ್ಕೆ ಸಲೀಸು, ನಮ್ಮ ಗದಗಿನ ‘ಹೆಂಗದೀ’ ಅಪರೂಪ. ಮೇಲಾಗಿ ನನ್ನ ಕನ್ನಡವಾದರೂ ಎಂಥದು? ಡೊಂಬಿವಲಿಯಿಂದ ಫೋರ್ಟಿಗೆ ಲೋಕಲ್ಲಿನಲ್ಲಿ ಜೋತಾಡಿದವರ ಬಾಯಲ್ಲಿ ವಾಕ್ಯ ಕನ್ನಡದಲ್ಲಿ ಹೊರಟು, ಮರಾಠಿಯಲ್ಲಿ ಗಾಡಿ ಬದಲಿಸಿ, ಹಿಂದಿಯಲ್ಲಿ ಇಳಿಯುತ್ತದೆ. ಮನೆಯಲ್ಲಿ ಯಾರೂ ಇದನ್ನು ತಪ್ಪೆಂದಿರಲಿಲ್ಲ. ಒಂದಿಡೀ ವಾಕ್ಯವನ್ನು ಕನ್ನಡದಲ್ಲೇ ಮುಗಿಸದೆ ಎಷ್ಟು ವರ್ಷವಾಯಿತೆಂದು ನನಗೆ ತಿಳಿದದ್ದು ಆ ಯಂತ್ರ ತಡವರಿಸಿದಾಗ.

ಆಮೇಲೆ ನಿಧಾನವಾಗಿ ಪುಸ್ತಕದ ಕನ್ನಡ ಆಡಿದೆ. “ಅಕ್ಕ, ಹೇಗಿದ್ದೀಯ? ಮಳೆ ಆಯಿತೇ?” ಚುಕ್ಕೆ, ಅಲ್ಪವಿರಾಮ ಬಿಟ್ಟರೆ ಎಲ್ಲ ಸರಿಯಾಗಿ ಬಂತು. ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡಕ್ಷರದಲ್ಲಿ ಪ್ರಿಂಟು ತೆಗೆಸಿ ಅಂಚೆಗೆ ಹಾಕಿದೆ. ವಾರದ ನಂತರ ಅಕ್ಕನ ಮಗ ಫೋನು ಮಾಡಿದ. “ಮಾಮಾ, ಅವ್ವ ನಿಮ್ಮ ಪತ್ರ ಓದಿದ್ಲು. ಇದು ಬ್ಯಾಂಕಿನ ನೋಟೀಸ ಇದ್ದಂಗೈತಿ, ನನ್ನ ತಮ್ಮ ಬರದದ್ದಲ್ಲ ಅಂತಾಳ.”

ಅಲ್ಲಿಗೆ ಸಹಿಯಷ್ಟೇ ಅಲ್ಲ, ಮಾತೂ ತಾಳೆಯಾಗಲಿಲ್ಲ!

ಬ್ಯಾಂಕಿನ ಪದ್ಧತಿಯೇ ಕೈಹಿಡಿಯಿತು. ಕ್ಲಾರ್ಕು ಬರೆಯಬೇಕು, ಅಧಿಕಾರಿ ನೋಡಿ ಪಾಸು ಮಾಡಬೇಕು. ಯಂತ್ರ ನನ್ನ ಕ್ಲಾರ್ಕು. ಅದಕ್ಕೆ ತಿಳಿಯುವ ಕನ್ನಡದಲ್ಲಿ ಹೇಳಿ ಬರೆಸುತ್ತೇನೆ. ಆಮೇಲೆ ಒಂದೇ ಬೆರಳಿನಿಂದ ‘ಆಯಿತೇ’ ಎಂಬುದನ್ನು ‘ಆತೇನು’ ಮಾಡುತ್ತೇನೆ, ‘ಇದೆ’ಯನ್ನು ‘ಐತಿ’. ಪುಟವಿಡೀ ಬರೆಯಲಾಗದ ಬೆರಳು ಇಷ್ಟಕ್ಕೆ ಸಾಕು. ಖಾತೆಯ ನಂಬರು, ಪಾಸ್‌ವರ್ಡು ಮಾತ್ರ ಯಾವ ಕ್ಲಾರ್ಕಿಗೂ ಬಾಯಿಬಿಟ್ಟು ಹೇಳುವುದಿಲ್ಲ; ನೀವೂ ಹೇಳಬೇಡಿ. ಆಡಿದ ಮಾತು ಎಷ್ಟೋ ಸಲ ಕಂಪನಿಯ ಕಂಪ್ಯೂಟರಿಗೆ ಹೋಗಿ ಅಕ್ಷರವಾಗಿ ಬರುತ್ತದೆ.

ಹೋದ ದೀಪಾವಳಿಗೆ ಸೊಲ್ಲಾಪುರ, ವಿಜಯಪುರ, ಬಾಗಲಕೋಟೆ ಹಾದು ರೈಲಿನಲ್ಲಿ ಗದಗಿಗೆ ಹೋದೆ. ಅಕ್ಕನ ಎದುರು ಕುಳಿತು ಮೈಕು ಒತ್ತಿ ಮಾತಾಡಿ, ಮೊಬೈಲನ್ನು ಅವಳ ಕಡೆ ತಿರುಗಿಸಿದೆ. ಅವಳು ಚಾಳೀಸು ಏರಿಸಿ ಓದಿದಳು, ಗಟ್ಟಿಯಾಗಿ ಉತ್ತರ ಕೊಟ್ಟಳು. ಮತ್ತೆ ನಾನು, ಮತ್ತೆ ಅವಳು. ಎಷ್ಟೋ ವರ್ಷಗಳ ಮೇಲೆ ನಾವು ಕೂತು ಮಾತಾಡಿದೆವು. ಹೊಲದ ಸೇಂಗಾದಿಂದ ಹಿಡಿದು ತೀರಿಹೋದ ಅವ್ವನವರೆಗೆ ಎಲ್ಲ ಬಂತು.

ನಡುವೆ ಥಟ್ಟನೆ ಕೇಳಿದಳು: “ಕೈಗೇನಾಗೇತೋ? ಚಾದ ಬಟ್ಟಲಾ ಯಾಕ ಹಂಗ ಹಿಡೀತಿ?”

ಯಾವ ಪತ್ರದಲ್ಲೂ ನಾನು ಅದನ್ನು ಬರೆದಿರಲಿಲ್ಲ. ಪ್ರಿಂಟು ಹಾಕಿದರೆ ಚಂದ ಕಾಣುತ್ತದೆ ಎಂದು ನೆವ ಹೇಳಿದ್ದೆ. ಈಗ ಮೈಕಿಗೆ ಹೇಳಿದೆ. ‘ಕೈ ನಡುಗುತ್ತದೆ ಬರೆಯಲು ಆಗುವುದಿಲ್ಲ’ ಎಂದು ಯಂತ್ರ ಒಂದಕ್ಷರ ತಪ್ಪದೆ ಬರೆಯಿತು.

ಅಕ್ಕ ಎರಡು ಸಲ ಓದಿದಳು. ನನ್ನ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, “ಇನ್ನ ಮ್ಯಾಲಿಂದ ಪತ್ರದ ಕೆಳಗ ಸಹಿ ಮಾಡಿ ಕಳಸು. ಹೆಂಗರ ಬರಲಿ, ನಾ ಗುರ್ತ ಹಿಡೀತೀನಿ” ಎಂದಳು.

ಈಗ ಪ್ರತಿ ಪತ್ರದ ಕೆಳಗೂ ಸಹಿ ಮಾಡುತ್ತೇನೆ. ಒಂದರಂತೆ ಒಂದು ಇರುವುದಿಲ್ಲ. ಇಲ್ಲಿಯವರೆಗೆ ಒಂದೂ ವಾಪಸು ಬಂದಿಲ್ಲ.