ಎರಡು ಹೆಸರಿನ ನಡುವಿನ ಕಾಗದ

ನಮ್ಮ ಕಡೆ ಹೆಸರಿನ ಜೊತೆ ಊರೂ ಬರುತ್ತದೆ, ಅಪ್ಪನೂ ಬರುತ್ತಾನೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಎರಡು ಇನಿಶಿಯಲ್ ಆಗಿ ಕೂತಿದ್ದವು, ಯಾರಿಗೂ ತೊಂದರೆಯಿರಲಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಅವನ್ನು ಬಿಡಿಸಿ ಬರೆದೆ. ಸಾಗರದ ಹತ್ತಿರದ ನಮ್ಮ ಹಳ್ಳಿ, ಅಪ್ಪಯ್ಯ, ನಾನು, ಮೂವರೂ 'ಗಿವನ್ ನೇಮ್' ಸಾಲಿಗೆ ಸೇರಿದೆವು. 'ಸರ್‌ನೇಮ್' ಖಾಲಿ ಉಳಿಯಿತು. ಅಮೆರಿಕದ ವೀಸಾದಲ್ಲಿ ಸರ್‌ನೇಮ್ ಖಾಲಿ ಇರುವಂತಿಲ್ಲ. ಅದಕ್ಕೇ ಅಷ್ಟೂ ಹೆಸರು ಅಲ್ಲಿಗೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಅಚ್ಚಾಯಿತು. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ದಕ್ಷಿಣ ಭಾರತದಿಂದ ಹೋದ ಎಷ್ಟೋ ಜನರಿಗೆ ಈ ಮೂರಕ್ಷರ ಅಂಟಿಕೊಂಡಿದೆ.

ಕ್ಯಾಲಿಫೋರ್ನಿಯಾದಲ್ಲಿ ಡ್ರೈವಿಂಗ್ ಲೈಸೆನ್ಸಿನಿಂದ ಹಿಡಿದು ಔಷಧದ ಚೀಟಿಯವರೆಗೆ ಅದೇ ನನ್ನ ಹೆಸರಾಯಿತು. ಕ್ಲಿನಿಕ್ಕಿನಲ್ಲಿ ನರ್ಸ್ ಬಾಗಿಲಿಗೆ ಬಂದು "ಫ್ನೂ?" ಎಂದು ಕೂಗಿದರೆ ನಾನು ಎದ್ದು ನಿಲ್ಲಬೇಕು. ಪಕ್ಕದಲ್ಲಿ ಕೂತ ಮಗಳು ನನ್ನ ಮುಖ ನೋಡುತ್ತಿದ್ದಳು. ಅವಳ ಸರ್‌ನೇಮ್ ಅವಳ ಅಪ್ಪನ ಹೆಸರು. ವಿಮಾನ ನಿಲ್ದಾಣದಲ್ಲಿ ಒಮ್ಮೆ, ಈ ಮಗು ನಿಮಗೇನಾಗಬೇಕು ಎಂದು ಕೇಳಿದ ಮೇಲೆ ಈ ಹೆಸರು ಸಾಕಪ್ಪಾ ಸಾಕು ಅನಿಸಿಬಿಟ್ಟಿತು.

ಗ್ರೀನ್ ಕಾರ್ಡ್ ಸಿಕ್ಕಿ ಸಾಮಾನ್ಯವಾಗಿ ಐದು ವರ್ಷವಾದ ಮೇಲೆ ಪೌರತ್ವಕ್ಕೆ ಎನ್-400 ಅರ್ಜಿ ಹಾಕುತ್ತಾರೆ. ಕಾನೂನು ಪ್ರಕಾರ ಹೆಸರು ಬದಲಾಯಿಸಿಕೊಳ್ಳುತ್ತೀರಾ ಎಂದು ಅದರಲ್ಲೊಂದು ಪ್ರಶ್ನೆಯಿದೆ. ಹೌದು ಎಂದು ಗುರುತು ಹಾಕಿದೆ. ನನ್ನ ಹೆಸರಿನ ಮುಂದೆ ಗಂಡನ ಹೆಸರು ಬರೆದು ಊರನ್ನೂ ಅಪ್ಪಯ್ಯನನ್ನೂ ಬಿಟ್ಟೆ. ಭಾನುವಾರ ಬಂದರೆ ಅಪ್ಪಯ್ಯನ ಜೊತೆ ಮಳೆ, ಅಡಿಕೆಯ ಕೊಳೆ ರೋಗ, ಕೊನೆ ಕೊಯ್ಯುವ ಕೊನೆಗೌಡನಿಗೆ ಕಾಯುವ ಕಷ್ಟ ಎಲ್ಲ ಮಾತಾಡುವವಳು ಇದೊಂದನ್ನು ಮಾತ್ರ ಹೇಳಲಿಲ್ಲ. ಹೇಳಿದರೆ ಅವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ ಎಂದು ಗೊತ್ತಿತ್ತು. ಅದನ್ನು ಎದುರಿಸುವ ಧೈರ್ಯ ನನಗಿರಲಿಲ್ಲ.

ವಲಸೆ ಇಲಾಖೆ ಪೌರತ್ವ ಕೊಡುತ್ತದೆ, ಆದರೆ ಹೆಸರು ಬದಲಾಯಿಸುವ ಅಧಿಕಾರ ಅದಕ್ಕಿಲ್ಲ. 1990ರ ಕಾನೂನು ಪೌರತ್ವ ಕೊಡುವ ಕೆಲಸವನ್ನು ನ್ಯಾಯಾಲಯಗಳಿಂದ ತೆಗೆದು ಸರ್ಕಾರಕ್ಕೆ ವಹಿಸಿದರೂ ಹೆಸರಿನ ವಿಷಯ ನ್ಯಾಯಾಧೀಶರ ಕೈಯಲ್ಲೇ ಉಳಿದಿದೆ. ಸಂದರ್ಶನದಲ್ಲಿ ಅಧಿಕಾರಿ ಹೆಸರು ಬದಲಾವಣೆಯ ಮನವಿಯನ್ನು ಮುಂದಿಟ್ಟು, ಇದಕ್ಕೆ ಸಹಿ ಹಾಕಿದರೆ ಪ್ರಮಾಣವಚನ ಕೋರ್ಟಿನಲ್ಲೇ ಆಗಬೇಕು, ದಿನಾಂಕಕ್ಕೆ ಕಾಯಬೇಕಾಗುತ್ತದೆ ಎಂದರು. ಸಹಿ ಹಾಕಿದೆ. ನನ್ನ ಗಂಡ ಪ್ರಮಾಣ ಮಾಡಿ, ಪಾಸ್‌ಪೋರ್ಟ್ ಪಡೆದು ನಿಶ್ಚಿಂತರಾದ ಮೇಲೆ ನನ್ನ ಸರದಿ ಬಂತು. ಕೋರ್ಟಿನಲ್ಲಿ ಗ್ರೀನ್ ಕಾರ್ಡ್ ವಾಪಸು ಕೊಟ್ಟು ಹೊಸ ಹೆಸರಿನ ಪ್ರಮಾಣಪತ್ರವನ್ನೂ ಕೋರ್ಟಿನ ಮೊಹರು ಬಿದ್ದ ಒಂದು ಹಾಳೆಯನ್ನೂ ತೆಗೆದುಕೊಂಡೆ. 1955ರ ನಮ್ಮ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ನಿನ ಪ್ರಕಾರ ಅಂದಿಗೆ ನನ್ನ ಭಾರತದ ಪೌರತ್ವ ಮುಗಿಯಿತು. ಹಳೆಯ ಪಾಸ್‌ಪೋರ್ಟಿನಲ್ಲಿ ಇನ್ನು ಪ್ರಯಾಣ ಮಾಡುವಂತಿಲ್ಲ.

ಅಮೆರಿಕದ ಪಾಸ್‌ಪೋರ್ಟಿಗೆ ಅಂಚೆಯಲ್ಲಿ ಅರ್ಜಿ ಹೋಗುವಾಗ ಮೂಲ ದಾಖಲೆಗಳೂ ಜೊತೆಗೆ ಹೋದವು. ಪಾಸ್‌ಪೋರ್ಟ್ ಮೊದಲು ಬಂತು. ಮೂಲ ದಾಖಲೆ ಬೇರೆ ಲಕೋಟೆಯಲ್ಲಿ ತಡವಾಗಿ ಬರುವುದು ಅಲ್ಲಿನ ವಾಡಿಕೆ. ಆ ನಡುವಿನಲ್ಲಿ ಚಿಕ್ಕಪ್ಪನ ಮಗ ಫೋನ್ ಮಾಡಿದ. ಅಪ್ಪಯ್ಯನಿಗೆ ಎದೆನೋವು, ಶಿವಮೊಗ್ಗದಲ್ಲಿ ಸೇರಿಸಿದ್ದೇವೆ, ಬೈಪಾಸ್ ಆಗಬೇಕಂತೆ.

ಭಾರತಕ್ಕೆ ತುರ್ತು ವೀಸಾ ಕೇಳಿಕೊಂಡು ಕೌಂಟರಿನ ಮುಂದೆ ನಿಂತೆ. ಹಳೆಯ ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು. ಇಬ್ಬರೂ ಒಬ್ಬರೇ ಎನ್ನುವುದಕ್ಕೆ ದಾಖಲೆ ಕೊಡಿ ಎಂದರು. ಕೋರ್ಟಿನ ಹಾಳೆ ಅಂಚೆಯಲ್ಲಿತ್ತು, ಅದರದೊಂದು ಜೆರಾಕ್ಸ್ ಕೂಡ ನಾನು ಇಟ್ಟುಕೊಂಡಿರಲಿಲ್ಲ. ಕೌಂಟರಿನಲ್ಲಿದ್ದಾಕೆ ಒಳ್ಳೆಯವರೇ. ಆಸ್ಪತ್ರೆಯ ಪತ್ರದಲ್ಲಿದ್ದ ರೋಗಿಯ ಹೆಸರಿನ ಮೇಲೆ ಪೆನ್ನಿಟ್ಟು, "ಇವರು ನಿಮಗೇನಾಗಬೇಕು?" ಎಂದು ಕೇಳಿದರು. ಹಳೆಯ ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಿನೊಳಗೇ ಅಪ್ಪಯ್ಯ ಇದ್ದರು. ಕೊನೆಯ ಪುಟದಲ್ಲಿ ತಂದೆಯ ಹೆಸರೆಂದು ಮತ್ತೊಮ್ಮೆ ಅಚ್ಚಾಗಿದ್ದರು. ಅಮೆರಿಕದ ಪಾಸ್‌ಪೋರ್ಟಿನಲ್ಲಿ ತಂದೆತಾಯಿಯ ಹೆಸರೇ ಇರುವುದಿಲ್ಲ. ಎರಡೂ ಪುಸ್ತಕ ಪಕ್ಕಪಕ್ಕ ತೆರೆದಿಟ್ಟು ಆಕೆ ಕಾಯುತ್ತಿದ್ದರು. ಈ ಮಗು ನಿಮಗೇನಾಗಬೇಕು ಎಂಬ ಮಾತಿಗೆ ನೊಂದು ನಾನು ಹೆಸರು ಬದಲಾಯಿಸಿದ್ದೆ. ಅಷ್ಟು ಜನರ ನಡುವೆ ಅಳು ಬಂತು.

ಲಕೋಟೆ ಬಂದ ಮೇಲೆಯೇ ವೀಸಾ ಆಯಿತು. ಅಷ್ಟರಲ್ಲಿ ಆಪರೇಷನ್ನಿನ ಒಪ್ಪಿಗೆಗೆ ಚಿಕ್ಕಪ್ಪನ ಮಗ ಸಹಿ ಹಾಕಿದ್ದ. ನಾನು ತಲುಪುವ ಹೊತ್ತಿಗೆ ಅಪ್ಪಯ್ಯ ಮನೆಗೆ ಬಂದು ಜಗಲಿಯಲ್ಲಿ ಕೂರುವಷ್ಟಾಗಿದ್ದರು. ತಡವೇಕಾಯಿತು ಎಂದು ಯಾರೋ ಕೇಳಿದರು, ಹೇಳಲೇಬೇಕಾಯಿತು. ಅಪ್ಪಯ್ಯ ಕನ್ನಡಕ ತರಿಸಿಕೊಂಡು ಪಾಸ್‌ಪೋರ್ಟ್ ಓದಿದರು.

"ಒಂದು ಮಾತು ಹೇಳಿದ್ರೆ ನಾನೇನು ಬೇಡ ಅಂತಿದ್ನಾ ಮಗಾ?"

ಬೇಡ ಅನ್ನುತ್ತಿರಲಿಲ್ಲ ಎಂದು ಆಗಲೇ ನನಗೆ ತಿಳಿದದ್ದು. ಹೆಸರು ಬದಲಾಯಿಸಿದ್ದು ತಪ್ಪು ಎಂದು ನನಗೆ ಇವತ್ತಿಗೂ ಅನಿಸಿಲ್ಲ. ಮೊದಲ ಹೆಸರೇ ಗೊತ್ತಿಲ್ಲದವಳಾಗಿ ಬದುಕುವುದು ಸುಲಭವಲ್ಲ. ಆದರೆ ಆ ಹೆಸರನ್ನು ನನಗೆ ಕೊಟ್ಟವರು ಇನ್ನೂ ಇದ್ದರು, ಫೋನಿನ ಆ ತುದಿಯಲ್ಲೇ ಇದ್ದರು. ಅವರು ನೊಂದುಕೊಳ್ಳುತ್ತಾರೆ ಎಂದು ನಾನೇ ತೀರ್ಮಾನಿಸಿ ಅವರನ್ನು ಹೊರಗಿಟ್ಟುಬಿಟ್ಟೆ. ಕೌಂಟರಿನ ಮುಂದಿನ ಆ ಹೊತ್ತಿಗಿಂತ ಇದು ಹೆಚ್ಚು ಸುಡುತ್ತದೆ.

ಮುಂದಿನ ವರ್ಷ ಅಪ್ಪಯ್ಯ ಉಯಿಲು ಬರೆಸಿದರು. ವಿದೇಶಿ ಪೌರರಾದವರು ಇಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ, ವಾರಸಿಕೆಯಿಂದ ಬಂದರೆ ಇಟ್ಟುಕೊಳ್ಳಬಹುದು. ನಾಳೆ ವಂಶವೃಕ್ಷ, ಪೌತಿ ಖಾತೆ ಎಂದು ಓಡಾಡುವಾಗ ಮತ್ತೆ ಅದೇ ಪ್ರಶ್ನೆ ಏಳಬಾರದೆಂದು ನನ್ನ ಹಳೆಯ ಹೆಸರು ಪೂರ್ತಿ ಬರೆಸಿ, 'ಉರುಫ್' ಹಾಕಿಸಿ, ಹೊಸ ಹೆಸರನ್ನು ಒಂದೊಂದೇ ಅಕ್ಷರ ಹೇಳಿ ಬರೆಸಿದರು. ಕೋರ್ಟಿಗೆ ಅರ್ಜಿ ಹಾಕಿ ನಿಮ್ಮ ಹೆಸರು ಮತ್ತೆ ಸೇರಿಸಿಕೊಳ್ಳಲಾ ಎಂದು ಕೇಳಿದೆ.

"ಬೇಡ, ಮತ್ತೆ ಎಲ್ಲ ಕಾಗದ ಬದಲಾಯ್ಸಕ್ಕೆ ಹೋಗ್ಬೇಡ" ಎಂದರು. "ಮಗಳ ಹೆಸರಿಗೆ ಹೊಂದ್ಕೊಂಡಿದ್ಯಲ್ಲ, ಇರ್ಲಿ."