ಮಲಪ್ರಭೆಯ ತವರುಕಾಡು

ಬೆಳಗಾವಿಯಿಂದ ಧಾರವಾಡದ ಕಡೆಗೆ ಹೆದ್ದಾರಿಯಲ್ಲಿ ಬರುವ ಯಾತ್ರಿಕರಿಗೆ ಎಂ.ಕೆ. ಹುಬ್ಬಳ್ಳಿಯ ಬಳಿ ಮಲಪ್ರಭೆಯ ದರ್ಶನವಾಗುತ್ತದೆ. ಮಹಾಮಹಿಮ ಬಸವಣ್ಣನವರ ಧರ್ಮಪತ್ನಿ, ವಚನಕಾರ್ತಿ ಗಂಗಾಂಬಿಕಾ ತಾಯಿಯವರು ಲಿಂಗೈಕ್ಯರಾದ ಪುಣ್ಯಸ್ಥಳವಿದು. ತಾಯಿಯ ಐಕ್ಯಮಂಟಪವನ್ನು ಬಳಸಿ ಸಾಗುವ ಈ ನೀರೇ ಮುಂದೆ ಮುನವಳ್ಳಿ, ರಾಮದುರ್ಗ, ಪಟ್ಟದಕಲ್ಲು, ಐಹೊಳೆಗಳನ್ನು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಸತಿಯ ಐಕ್ಯಸ್ಥಳವನ್ನು ಮುಟ್ಟಿದ ನೀರು ಪತಿಯ ಐಕ್ಯಸ್ಥಳವನ್ನು ಸೇರುವುದು ಶರಣಬಂಧುಗಳು ಮನಸ್ಸಿಟ್ಟು ನೆನೆಯಬೇಕಾದ ಸಂಗತಿ.

ಹೊಳೆ ಎಲ್ಲಿಗೆ ಹೋಗುವುದೆಂಬುದನ್ನು ನಾವೆಲ್ಲರೂ ಬಲ್ಲೆವು. ಅದು ಎಲ್ಲಿಂದ ಬರುವುದೆಂದು ಕೇಳಿದರೆ ನಮ್ಮ ಮನೆಗಳ ಮಕ್ಕಳು ಮೌನವಾಗುತ್ತಾರೆ. ನದಿಯ ತೀರ್ಥವನ್ನು ತಲೆಯ ಮೇಲೆ ತಳೆಯುವ ನಾವು ಅದರ ತವರನ್ನು ಒಮ್ಮೆಯಾದರೂ ಕಾಣಬೇಕೆಂಬ ಬಯಕೆಯಿಂದ, ಕೆಲವರು ಭಕ್ತರೊಡನೆ ಹೊಳೆಯ ಎದುರಾಗಿ ಪಡುವಣಕ್ಕೆ ಪಯಣ ಬೆಳೆಸಿದೆವು.

ಖಾನಾಪುರವನ್ನು ದಾಟಿ ಜಾಂಬೋಟಿಯ ಹಾದಿ ಹಿಡಿಯುತ್ತಲೇ ನಾಡಿನ ಬಣ್ಣ ಬದಲಾಗುತ್ತದೆ. ಬೈಲಹೊಂಗಲ, ಸವದತ್ತಿಗಳ ಬಟ್ಟಬಯಲು ಹಿಂದೆ ಸರಿದು, ಭತ್ತದ ಗದ್ದೆಗಳೂ ಗದ್ದೆಗಳ ಅಂಚಿಗೆ ಒತ್ತಿನಿಂತ ಮರಗಳೂ ಕಾಣಿಸಿಕೊಳ್ಳುತ್ತವೆ. ಮುಂದೆ ಕಣಕುಂಬಿ. ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರದ ಈ ಊರಿನಲ್ಲಿ, ಮಾವುಲಿ ದೇವಿಯ ಗುಡಿಯ ಸನಿಹದಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಮುನ್ನೂರು ಕಿಲೋಮೀಟರ್ ಹರಿದು ನಾಲ್ಕಾರು ಜಿಲ್ಲೆಗಳ ಬಾಯಾರಿಕೆ ತಣಿಸುವ ತಾಯಿ ಇಲ್ಲಿ ಎಳೆಯ ಕೂಸು. ಅಂಗೈ ಒಡ್ಡಿದರೆ ತುಂಬಿಕೊಳ್ಳುವಷ್ಟೇ ನೀರು.

ಈ ಎತ್ತರದ ನೆಲದ ಕಥೆ ಅಚ್ಚರಿಯದು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಬಿರಿದು, ಭೂಗರ್ಭದ ಶಿಲಾರಸ ಉಕ್ಕಿ ಹರಿಯಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಶಿಖರದ ಬಾಯಿಂದ ಉಗುಳಿದ ಜ್ವಾಲಾಮುಖಿಯಲ್ಲ ಇದು. ನೆಲದ ಬಿರುಕುಗಳಿಂದ ಉಕ್ಕಿದ ಬೆಂಕಿಯ ಹೊಳೆ. ಪದರದ ಮೇಲೆ ಪದರವಾಗಿ ಆರಿ ಅದು ಕರಿಗಲ್ಲಾಯಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಅದು ಮುಚ್ಚಿಕೊಂಡಿದೆ. ನಮ್ಮ ಬೆಳಗಾವಿಯ ಸೀಮೆ ಆ ಕರಿಗಲ್ಲಿನ ದಕ್ಷಿಣದ ಸೆರಗು. ಯುಗಯುಗಗಳ ಮಳೆಬಿಸಿಲುಗಳಿಗೆ ಕಲ್ಲು ಮಾಗಿ, ಮೇಲೆ ರಂಧ್ರಮಯವಾದ ಕೆಂಪು ಜಂಬಿಟ್ಟಿಗೆಯಾಯಿತು. ಕರಿಗಲ್ಲು ಸವೆದ ಕಡೆ ದಖ್ಖನ್ನಿನ ಎರೆಭೂಮಿಯಾಯಿತು. ಜೋಳ, ಹತ್ತಿ ಬೆಳೆಯುವ ಎರೆಹೊಲ ಒಂದು ಕಾಲದ ಬೆಂಕಿಯ ಪ್ರಸಾದವೆಂದರೆ ತಪ್ಪಾಗದು.

ಬೆಂಕಿಯ ಕಲ್ಲನ್ನು ನೀರಿನ ಕೊಡವನ್ನಾಗಿ ಮಾಡಿದ್ದು ಕಾಡು. ಮುಂಗಾರಿನ ಮೋಡಗಳು ಘಟ್ಟಕ್ಕೆ ಬಡಿದು ಇಲ್ಲಿ ಧಾರಾಕಾರವಾಗಿ ಸುರಿಯುತ್ತವೆ. ಸವದತ್ತಿಯ ಬಯಲಿಗೆ ಬರುವಷ್ಟರಲ್ಲಿ ಅವುಗಳ ಕೈ ಬರಿದಾಗಿರುತ್ತದೆ. ಮರಗಳ ಎಲೆ ಹನಿಯ ಹೊಡೆತವನ್ನು ತಡೆಯುತ್ತದೆ. ಉದುರೆಲೆಯ ಹಾಸು ಅದನ್ನು ಹೀರುತ್ತದೆ. ಬೇರುಗಳು ಮಣ್ಣಿನಲ್ಲಿ ದಾರಿ ಬಿಡಿಸಿ ನೀರನ್ನು ಕೆಳಗಿಳಿಸುತ್ತವೆ. ಆ ನೀರೇ ತಿಂಗಳುಗಟ್ಟಲೆ ಒರತೆಯಾಗಿ ಜಿನುಗುತ್ತದೆ. ಜಗತ್ತಿನ ಇತರ ಕಡೆಗಳಲ್ಲಿಯೂ ಇದೇ ಸತ್ಯ. ಆಫ್ರಿಕಾದ ಕಿಲಿಮಂಜಾರೊ 5,895 ಮೀಟರ್ ಎತ್ತರದ, ಈಗ ನಿದ್ರಿಸುತ್ತಿರುವ ಜ್ವಾಲಾಮುಖಿ. ಕೆಳಗಿನ ಜನರಿಗೆ ಹೆಚ್ಚಿನ ನೀರು ದೊರೆಯುವುದು ಅದರ ನೆತ್ತಿಯ ಹಿಮದಿಂದಲ್ಲ, ಸೊಂಟದ ಸುತ್ತ ಬೆಳೆದ ಮಳೆಕಾಡಿನಿಂದ. ಆದ್ದರಿಂದಲೇ ಆ ನಾಡಿನವರು 2005ರಲ್ಲಿ ಕಾಡಿನ ಆ ಪಟ್ಟಿಯನ್ನೂ ರಾಷ್ಟ್ರೀಯ ಉದ್ಯಾನಕ್ಕೆ ಸೇರಿಸಿಕೊಂಡರು.

ನಮ್ಮಲ್ಲಿಯೂ ಅಂಥ ಕೆಲಸ ನಡೆದಿದೆ. ಕಣಕುಂಬಿಯ ದಕ್ಷಿಣಕ್ಕೆ ಖಾನಾಪುರ ತಾಲ್ಲೂಕಿನ ಸುಮಾರು 190 ಚದರ ಕಿಲೋಮೀಟರ್ ಅರಣ್ಯವನ್ನು 2011ರ ಡಿಸೆಂಬರ್‌ನಲ್ಲಿ ಭೀಮಗಡ ವನ್ಯಜೀವಿಧಾಮವೆಂದು ಸರ್ಕಾರ ಘೋಷಿಸಿತು. ಒಳಗಿನ ಹಳೆಯ ಕೋಟೆಯಿಂದ ಬಂದ ಹೆಸರಿದು. ಹುಲಿ, ಕಾಡುಕೋಣ, ಕರಡಿಗಳಿಗೆ ಇದು ಮನೆ. ಇಲ್ಲಿನ ಬಾರಾಪೇಡೆ ಗುಹೆಗಳಲ್ಲಿ ಒಂದು ಅಪೂರ್ವ ಬಾವಲಿಯಿದೆ. 1913ರಲ್ಲಿ ವಿಜ್ಞಾನಿಗಳು ಅದನ್ನು ವರ್ಣಿಸಿದ ಮೇಲೆ ಬಹುಕಾಲ ಲೋಕದಲ್ಲಿ ಬೇರೆಲ್ಲಿಯೂ ಅದು ಕಂಡಿರಲಿಲ್ಲ. ಮುಂದೆ ಮೇಘಾಲಯದಲ್ಲಿಯೂ ಕಾಂಬೋಡಿಯಾದಲ್ಲಿಯೂ ದೊರಕಿತು. ಪಡುವಣಕ್ಕೆ ಗೋವೆಯತ್ತ ಹರಿಯುವ ಮಹದಾಯಿಯೂ ಈ ಕಾಡಿನ ಮಗಳೇ. ಬೆನ್ನಿಗೆ ಬೆನ್ನು ಕೊಟ್ಟು ಹೊರಟ ಅಕ್ಕತಂಗಿಯರಂತೆ ಒಬ್ಬಳು ಮೂಡಲಿಗೆ, ಒಬ್ಬಳು ಪಡುವಲಿಗೆ.

ಈ ಅರಣ್ಯಕ್ಕೂ ಶರಣರಿಗೂ ಹಳೆಯ ನಂಟು. ಕಲ್ಯಾಣದ ಕ್ರಾಂತಿಯ ತರುವಾಯ ವಚನದ ಕಟ್ಟುಗಳನ್ನು ಹೊತ್ತ ಶರಣಗಣ ಈ ಸೀಮೆಯನ್ನು ಹಾದು ಉಳವಿಯತ್ತ ನಡೆಯಿತೆಂಬುದು ನಮ್ಮ ಪರಂಪರೆಯ ನಂಬುಗೆ. ಕಾದರವಳ್ಳಿಯಲ್ಲಿ ಕಾಳಗ, ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯವರ ಐಕ್ಯ, ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರ ಐಕ್ಯ, ಕಡೆಗೆ ಉಳವಿಯಲ್ಲಿ ಚನ್ನಬಸವಣ್ಣನವರ ಐಕ್ಯ. ಅರಮನೆಯ ಖಡ್ಗ ಬೆನ್ನಟ್ಟಿದಾಗ ಆಸರೆ ಕೊಟ್ಟದ್ದು ಅಡವಿ. ವಚನಗಳು ಇಂದು ನಮ್ಮ ಮನೆಯ ಕಪಾಟಿನಲ್ಲಿರುವುದಕ್ಕೆ ಆ ಮರಗಳ ನೆರಳಿಗೂ ನಾವು ಋಣಿಗಳು.

ಇಂದು ಆ ಋಣದ ಪ್ರಶ್ನೆ ಕಠಿಣವಾಗಿ ಎದುರಾಗಿದೆ. ನವಿಲುತೀರ್ಥದ ಜಲಾಶಯ ಎಷ್ಟೋ ವರ್ಷ ತುಂಬದೆ ಉಳಿಯುತ್ತದೆ. ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು 2015ರಿಂದ ನರಗುಂದದ ರೈತರು ಹೂಡಿದ ಹೋರಾಟವನ್ನು ನಾಡೆಲ್ಲ ಕಂಡಿದೆ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿಯು ಈ ಎರಡು ಹಳ್ಳಗಳಿಂದ 3.9 ಟಿ.ಎಂ.ಸಿ. ನೀರನ್ನು ನಮ್ಮ ಪಾಲಿಗೆ ವಿಧಿಸಿತು. ಕುಡಿಯುವ ನೀರು ಕೇಳುವವರ ಬಾಯಿಗೆ ಬೀಗ ಹಾಕುವ ಮಾತು ನಮ್ಮದಲ್ಲ. ಬಾಯಾರಿದವರಿಗೆ ನೀರೆರೆಯುವುದೇ ದಾಸೋಹ. ಆದರೆ ಕಾಲುವೆಗಾಗಿ ಕಾಡನ್ನೇ ಅಗೆದುಬಿಟ್ಟರೆ ಕಾಲುವೆಯಲ್ಲಿ ಹರಿಯುವುದೇನು? ಹಸುವಿನ ಕೆಚ್ಚಲನ್ನು ಕೊಯ್ದು ಹಾಲು ಕರೆಯಲಾಗದು. ನೀರು ಪಡೆಯುವ ಪ್ರತಿಯೊಂದು ಯೋಜನೆಯೂ ಮರಕ್ಕೆ ಆದಷ್ಟು ಕಡಿಮೆ ಪೆಟ್ಟು ಕೊಡುವ ದಾರಿಯನ್ನು ಮೊದಲು ಹುಡುಕಬೇಕು. 2019ರ ಆಗಸ್ಟ್‌ನಲ್ಲಿ ಇದೇ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗಗಳ ಮನೆಗಳಿಗೆ ನುಗ್ಗಿದ್ದನ್ನೂ ಮರೆಯಬಾರದು. ಬರದಲ್ಲಿ ಒರತೆಯನ್ನು ಕಾಯುವುದೂ ಮಳೆಗಾಲದಲ್ಲಿ ನೀರಿನ ಓಟಕ್ಕೆ ಕಡಿವಾಣ ಹಾಕುವುದೂ ಬೆಟ್ಟದ ಮೇಲಿನ ಅದೇ ಮರಗಳು.

ಕಾಡಿನೊಳಗೂ ನಮ್ಮಂಥ ಮನುಷ್ಯರಿದ್ದಾರೆ. ಗವಾಳಿ, ಆಮಗಾಂವಗಳಂಥ ಊರುಗಳಲ್ಲಿ ಮಳೆಗಾಲದ ರಾತ್ರಿ ಯಾರಾದರೂ ಕಾಯಿಲೆ ಬಿದ್ದರೆ ಆಸ್ಪತ್ರೆಯ ಹಾದಿ ಅತಿ ದೂರ. ನಮ್ಮ ಕೊಡ ತುಂಬಲೆಂದು ಅವರು ಈ ಕಷ್ಟ ಹೊತ್ತಿದ್ದಾರೆ. ಅವರು ಅಲ್ಲಿಯೇ ಉಳಿಯಲಿ, ಒಪ್ಪಿ ಹೊರಬರಲಿ, ಅವರ ಬಾಳು ಹಸನಾಗಬೇಕು. ಅವರನ್ನು ಮರೆತು ಮಾಡಿದ ಅರಣ್ಯರಕ್ಷಣೆ ದಯೆಯಿಲ್ಲದ ಪೂಜೆಯಾದೀತು.

ಹಾಗಾದರೆ ಗೃಹಸ್ಥರಾದ ನಾವು ಮಾಡಬೇಕಾದುದೇನು? ಭಾರತ ಹುಣ್ಣಿಮೆಗೆ ಉಳವಿಗೆ ಚಕ್ಕಡಿ ಕಟ್ಟಿಕೊಂಡು ಹೋಗುವ ಕುಟುಂಬಗಳು ಕಾಡಿನಲ್ಲಿ ಪ್ಲಾಸ್ಟಿಕ್ಕನ್ನೂ ಆರದ ಒಲೆಯನ್ನೂ ಬಿಟ್ಟುಬರದಿರಲಿ. ಹೊಳೆದಂಡೆಯ ರೈತರು ಕಬ್ಬಿಗೆ ಹನಿನೀರಾವರಿಯನ್ನು ಅಳವಡಿಸಿಕೊಳ್ಳಲಿ. ಐಕ್ಯಮಂಟಪಕ್ಕೆ ಬಂದವರು ಹಳೆಯ ಬಟ್ಟೆ, ಪೂಜೆಯ ಕಸವನ್ನು ಹೊಳೆಗೆ ಚೆಲ್ಲದಿರಲಿ. ವರ್ಷಕ್ಕೊಮ್ಮೆ ಮಕ್ಕಳನ್ನು ಕಣಕುಂಬಿಗೆ ಕರೆದೊಯ್ದು, ಅಂಗೈಯಗಲದ ಆ ಮಲಪ್ರಭೆಯನ್ನು ತೋರಿಸಲಿ. ಅದನ್ನು ಕಂಡ ಮಗು ದೊಡ್ಡದಾದ ಮೇಲೆ ಕೊಡಲಿ ಎತ್ತುವ ಮುನ್ನ ಒಂದು ಕ್ಷಣ ನಿಲ್ಲುತ್ತದೆ. ಆ ಒಂದು ಕ್ಷಣದ ತಡೆಯೇ ಕಾಡಿನ ಆಯುಷ್ಯ, ಕಾಡಿನ ಆಯುಷ್ಯವೇ ಹೊಳೆಯ ಆಯುಷ್ಯ.